ಕಾರಿನ ಬೆಳಕಿಂಡಿಗೆ ನಾನು ಮೆತ್ತಿದ ಮಣ್ಣು

ಸೀಳು ಮುಚ್ಚುವ ಕೆಲಸದಲ್ಲಿ ನನ್ನನ್ನು ಮೀರಿಸುವ ಹೆಂಗಸು ಇಡೀ ಸಿಂಧನೂರಿನಲ್ಲಿ ಇಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಸುಮ್ಮನೆ ನಂಬಿದ್ದಲ್ಲ, ಕಾರಣ ಇತ್ತು. ನೀರು ತುಂಬಿಡುವ ಮಣ್ಣಿನ ಹರವಿ ಸೀಳಿದರೆ ಉದ್ದಿನ ಹಿಟ್ಟಿಗೆ ಸುಣ್ಣ, ಬೆಲ್ಲ ಕಲಸಿ ಮೆತ್ತುತ್ತಿದ್ದೆ. ಹರವಿ ಇನ್ನೂ ಒಂದೆರಡು ಬೇಸಿಗೆ ತಣ್ಣೀರು ಕೊಡುತ್ತಿತ್ತು. ಮಾಳಿಗೆ ಸೋರಿದರೆ ಸೆರಗು ಸೊಂಟಕ್ಕೆ ಬಿಗಿದು, ಏಣಿ ಹತ್ತಿ, ಸವಳು ಮಣ್ಣು ಹರಡಿ ಬಡಿದು ಬರುತ್ತಿದ್ದೆ. ನಮ್ಮ ಕಡೆ ಮಾಳಿಗೆಗೆ ಹಾಕುವ ಈ ಉಪ್ಪು ಮಣ್ಣು ಒಮ್ಮೆ ಕಚ್ಚಿಕೊಂಡಿತೆಂದರೆ ಮಳೆರಾಯ ಮೇಲೆ ಕೂತು ಅತ್ತರೂ ಒಳಗೆ ಹನಿ ಇಳಿಯುವುದಿಲ್ಲ. ನಮ್ಮ ಅತ್ತೆಯವರು ಬಂದವರ ಮುಂದೆಲ್ಲ, "ನಮ್ಮ ನೀಲವ್ವ ಕೈ ಹಚ್ಚಿದ್ದು ಸೋರೂದಿಲ್ಲ ನೋಡ್ರಿ" ಎನ್ನುತ್ತಿದ್ದರು.

ಆ ಮಾತು ನನ್ನ ತಲೆಗೆ ಏರಿತು. ಕೊನೆಗೆ ನನ್ನ ತಲೆಯ ಮೇಲೆ ಏರಿದ್ದು ಬೇರೆಯೇ ಒಂದು ವಸ್ತು. ಅದರ ಕಥೆಯೇ ಇದು.

ಕಾಲುವೆ ನೀರು ನಮ್ಮ ಹೊಲಕ್ಕೆ ಹರಿದ ಹೊಸ ದಿನಗಳವು. ಜೋಳ, ಸಜ್ಜೆ ನಂಬಿದ್ದವರು ನೆಲ್ಲು ಹಚ್ಚಿದೆವು. ನೆಲ್ಲು ಕೈ ಹಿಡಿಯಿತು, ಹೊಸ ಮನೆ ಎದ್ದಿತು. ಮನೆಯೇನೋ ಎದ್ದಿತು, ಆದರೆ ನಾವು ಒಳಗೆ ಹೋಗುವಂತಿರಲಿಲ್ಲ! ಅತ್ತೆಯವರ ಹರಕೆ ಇತ್ತು. ನಮ್ಮ ಮನೆತನದ ಗುರುಗಳು ಲಿಂಗಸುಗೂರಿನ ಒಂದು ಸಣ್ಣ ಮಠದಲ್ಲಿದ್ದರು. ನಾವು ಅವರನ್ನು ಅಜ್ಜಾರು ಎನ್ನುತ್ತಿದ್ದೆವು. ಬಹಳ ವಯಸ್ಸು, ಹಿಡಿಯಷ್ಟು ಮೈ, ಕೂಸಿನ ನಗು. ಅವರ ಪಾದ ಮೊದಲು ಹೊಸ್ತಿಲು ದಾಟಬೇಕು, ಪಾದಪೂಜೆ ಆಗಬೇಕು, ಆಮೇಲೆ ಹೊಸ ಒಲೆ ಹೊತ್ತಬೇಕು. ಅಲ್ಲಿಯತನಕ ಅತ್ತೆಯವರು ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ. ಅವರು ಶೆಡ್ಡಿನಲ್ಲಿ ಎಂದ ಮೇಲೆ ನಾವೂ ಶೆಡ್ಡಿನಲ್ಲಿ!

ಅಷ್ಟರಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ತಗಡು ಸೋರಿತು. ಅತ್ತೆಯವರಿಗೆ ಕೆಮ್ಮು ಹತ್ತಿತು. ಹೊರಸಿನ ಮೇಲೆ ಕೌದಿ ಹೊದ್ದು ಕೂತು, ಎದುರಿಗೇ ನಿಂತ ಹೊಸ ಮನೆಯನ್ನು ನೋಡುತ್ತ ಕೆಮ್ಮುತ್ತಿದ್ದರು.

"ಒಳಗ ನಡೀರಿ ಅತ್ತಿ. ಶಿವ ಏನೂ ಅನ್ನೂದಿಲ್ಲ."

"ಶಿವ ಅನ್ನೂದಿಲ್ಲವ್ವ. ನಾ ಅಂತೀನಿ."

ಕೆಮ್ಮು ಎದೆಗೆ ಇಳಿಯುವ ಮುನ್ನ ಅಜ್ಜಾರನ್ನು ಕರೆತರಬೇಕಿತ್ತು. ಆದರೆ ಅಜ್ಜಾರಿಗೆ ಮೊಣಕಾಲು ನೋವು, ಬಸ್ಸು ಹತ್ತಲು ಆಗದು. ಬಂಡಿ ಕಟ್ಟೋಣವೆಂದರೆ ಮಳೆಗೆ ಎರೆಮಣ್ಣಿನಲ್ಲಿ ಗಾಲಿ ಹೂತು ಎತ್ತುಗಳೇ ಕೈ ಮುಗಿದುಬಿಡುತ್ತಿದ್ದವು.

ಆಗಲೇ ನಮ್ಮವರು ಕಾರು ತಂದರು!

ಅದು ಯಾವುದೋ ಜಾಗೀರದಾರರ ಮನೆಯ ಹಳೇ ಕಾರು. ಅವರ ಮನೆಯ ಹೆಣ್ಣುಮಕ್ಕಳು ಸುತ್ತ ಪರದೆ ಇಳಿಬಿಟ್ಟುಕೊಂಡು ಕೂಡುತ್ತಿದ್ದರಂತೆ. ಪಾಪ, ಅವರಿಗೆ ಆಕಾಶವಾದರೂ ಕಾಣಲಿ ಎಂದು ಕಾರಿನ ನೆತ್ತಿ ಕತ್ತರಿಸಿ ದೊಡ್ಡದೊಂದು ಗಾಜು ಕೂರಿಸಿದ್ದರು. ನಮ್ಮ ಮಾಳಿಗೆ ಮನೆಗಳಿಗೆ ಬೆಳಕಿಂಡಿ ಇರುತ್ತದಲ್ಲ, ಹಾಗೆ. ಅತ್ತೆಯವರು ಶೆಡ್ಡಿನಿಂದಲೇ ಕತ್ತು ಚಾಚಿ ನೋಡಿ, "ಅಯ್ಯ, ಇದಕ್ಕೂ ಬೆಳಕಿಂಡಿ ಇಟ್ಟಾರಲ್ಲ! ಮನೀನ ಐತಿ ಬಿಡು" ಎಂದು ಸಂತೋಷಪಟ್ಟರು. ನಾನು ಆರತಿ ಎತ್ತುವಾಗ ಮೇಲೆ ನೋಡಿದೆ. ಆ ಗಾಜಿನ ಈ ಮೂಲೆಯಿಂದ ಆ ಮೂಲೆಯವರೆಗೆ ಸಿಡಿಲಿನ ಗೆರೆಯ ಹಾಗೆ ಒಂದು ಸೀಳು.

"ಏನ್ರೀ, ಗಾಜು ಒಡದೈತಲ್ಲ!"

ನಮ್ಮವರು ಕತ್ತು ಎತ್ತದೆ ಹೇಳಿದರು: "ಸೀಳು ಬಿಟ್ಟೈತಿ ಅಷ್ಟ. ಒಡದಿಲ್ಲ."

ನಮ್ಮವರು ಕಾರು ಕಲಿತದ್ದು ಕಾಲುವೆಯ ಏರಿಯ ಮೇಲೆ. ಎದುರಿಗೆ ಯಾರೂ ಬಾರದ ಜಾಗ. ಆದ್ದರಿಂದ ಎದುರಿಗೆ ಯಾರಾದರೂ ಬಂದರೆ ಅವರಿಗೆ ಬಹಳ ಸಿಟ್ಟು! ಅಂಥವರ ಕೈಯಲ್ಲಿ ಸ್ಟೇರಿಂಗು, ತಲೆಯ ಮೇಲೆ ಸೀಳಿದ ಗಾಜು. ಆದರೂ ಮುಂದಿನ ಸೋಮವಾರ ಅಜ್ಜಾರನ್ನು ತರುವುದೆಂದು ನಿಶ್ಚಯವಾಯಿತು. ದೀಪ ಹಚ್ಚುವ ಹೊತ್ತಿನೊಳಗೆ ಅವರು ಹೊಸ್ತಿಲು ದಾಟಬೇಕು. ಸೋಮವಾರ ಪೂಜೆ ಆಗುವವರೆಗೆ ಅಜ್ಜಾರು ಹನಿ ನೀರೂ ಮುಟ್ಟುವವರಲ್ಲ.

ನಮ್ಮ ನೆರೆಮನೆ ಸುಬ್ಬಮ್ಮನದು. ಕಾಲುವೆ ಬಂದ ಮೇಲೆ ಆಂಧ್ರದಿಂದ ಭೂಮಿ ಮಾಡಲು ಬಂದವರು. ನೆಲ್ಲು ಹಚ್ಚುವುದನ್ನು ನನಗೆ ಕಲಿಸಿದವಳು ಅವಳೇ. ಅವಳ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಆದರೆ ಬುದ್ಧಿ ಮಾತ್ರ ಪೂರಾ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದಳು:

"ನೀಲಮ್ಮಾ, ಆ ಅದ್ದಂ ತೆಗೆಸಿಬಿಡು ತಲ್ಲೀ. ಸೀಳಿದ ಗಾಜು, ಹಾದಿಯ ತುಂಬ ಗುಂತಲು, ತೆಗ್ಗು. ಮುದುಕರ ತಲೆ ಮೇಲೆ ಬಿದ್ದರೆ?"

"ತೆಗದ್ರ ದೊಡ್ಡ ಕಿಂಡಿ ಆಗತೈತಿ. ಮಳಿ ಬಂದ್ರ?"

"ತಗಡು ಹೊಡಿಸು."

"ಅಜ್ಜಾರ ತಲೀ ಮ್ಯಾಲ ತಗಡೇನ?"

"ಹೋಗಲಿ, ನಮ್ಮ ಟ್ರಾಕ್ಟರ್ ಒಯ್ಯಿ. ಹಿಂದಿನ ಡಬ್ಬೇಲಿ ಹುಲ್ಲು ಹಾಸಿ, ಮೇಲೆ ಗಾದಿ ಹಾಕಿ, ಮೆಲ್ಲಗೆ ಕರೆದುಕೊಂಡು ಬಾ."

ಟ್ರಾಕ್ಟರಿನಲ್ಲಿ ಅಜ್ಜಾರು! ಗೊಬ್ಬರ ಹೇರುವ ಡಬ್ಬಿಯಲ್ಲಿ ಗುರುಗಳು! ನನ್ನ ಭಕ್ತಿಗೆ ಬಹಳ ಪೆಟ್ಟಾಯಿತು. ಭಕ್ತಿಗೋ, ಹೊಸ ಕಾರಿನ ಗರ್ವಕ್ಕೋ, ಆಗ ವಿಚಾರ ಮಾಡಲಿಲ್ಲ. "ಫಿಕೀರ್ ಮಾಡಬ್ಯಾಡ ಸುಬ್ಬಮ್ಮ. ಸೀಳು ಮುಚ್ಚೂದು ನನಗ ಹೊಸದಲ್ಲ" ಎಂದೆ.

ಅವತ್ತೇ ಉದ್ದು ಬೀಸಿದೆ. ಸುಣ್ಣ ಹಾಕಿ, ಬೆಲ್ಲ ಹಾಕಿ, ಹದವಾಗಿ ಕಲಸಿ, ಏಣಿ ಹಚ್ಚಿ ಕಾರಿನ ಮೇಲೆ ಬಾಗಿ ಸೀಳಿನ ಉದ್ದಕ್ಕೂ ಬೆರಳಿನಿಂದ ತುಂಬಿದೆ. ಒಣಗಿದ ಮೇಲೆ ಉಗುರಿನಿಂದ ಬಡಿದು ನೋಡಿದೆ. ಟಣ್ ಟಣ್! ಹರವಿಯ ಸದ್ದು! ಮಜಬೂತ್ ಆಗಿತ್ತು. ಶಿವನಿಗೆ ಕೈ ಮುಗಿದೆ.

ಬೆಳಗಾಗುವುದರೊಳಗೆ ಸಿಂಧನೂರಿನ ಇರುವೆಗಳೆಲ್ಲ ನಮ್ಮ ಕಾರಿನ ಮೇಲೆ!

ಹರವಿಯಾದರೆ ಸದಾ ಒದ್ದೆ, ಇರುವೆ ಹತ್ತುವುದಿಲ್ಲ. ಕಾರು ಒಣ ಸಾಮಾನು. ಬೆಲ್ಲದ ವಾಸನೆ ಹಿಡಿದು ಕೆಂಪಿರುವೆಗಳು ಗಾಲಿಯಿಂದ ನೆತ್ತಿಯವರೆಗೆ ಸಾಲು ಕಟ್ಟಿದ್ದವು. ಅಷ್ಟು ಶಿಸ್ತಿನ ಮೆರವಣಿಗೆ ನಾನು ಮನುಷ್ಯರಲ್ಲಿ ಕಂಡಿಲ್ಲ. ನಮ್ಮವರು ನೋಡದೆ ಒಳಗೆ ಕೂತರು. ಒಂದೇ ಗಳಿಗೆ. ಕಾರಿನಿಂದ ಹೊರಗೆ ಜಿಗಿದು, ಅಂಗಿ ಕಿತ್ತೊಗೆದು, ಅಂಗಳದಲ್ಲಿ ಕುಣಿದರು.

ಅತ್ತೆಯವರು ಶೆಡ್ಡಿನಿಂದ ಕೇಳಿದರು: "ಯಾಕ ಕುಣ್ಯಾಕತ್ತಾನವ್ವ ಇವ? ಏನರ ಖುಷಿ ಸುದ್ದಿ ಬಂದೈತೇನು?"

"ಇರುವಿ ಕಡದಾವ ಅತ್ತಿ!"

"ನಿಮ್ಮ ಮಾವಾರೂ ಹಿಂಗ ಕುಣೀತಿದ್ರು. ಅವರಿಗೆ ಇರುವಿ ಬೇಕಾಗಿರಲಿಲ್ಲ."

ಈಗ ಇರುವೆಗೆ ಏನು ಮಾಡುವುದು? ಬೆಲ್ಲದ ವಾಸನೆ ಮುಚ್ಚಬೇಕು. ವಾಸನೆ ಮುಚ್ಚಲು ಮೇಲೆ ಏನಾದರೂ ಹಾಕಬೇಕು. ಇರುವೆಯೂ ಬರಬಾರದು, ನೀರೂ ಇಳಿಯಬಾರದು. ಅಂಗಳದ ಮೂಲೆಯಲ್ಲಿ ಹೊಸ ಮನೆಯ ಮಾಳಿಗೆಗೆ ತರಿಸಿ ಉಳಿದಿದ್ದ ಸವಳು ಮಣ್ಣಿನ ಗುಡ್ಡೆ ನನ್ನನ್ನೇ ನೋಡುತ್ತಿತ್ತು. ಮಾಳಿಗೆಯ ಒಂದು ಮೂಲೆಗೆ ಇನ್ನೂ ಮಣ್ಣು ಹಾಕುವುದಿತ್ತು. ಆ ಮೂಲೆಗೆ ಬೇಕಾದಷ್ಟೇ ಮಣ್ಣು ಅದು.

ನಮ್ಮವರು ಬೆನ್ನು ಕೆರೆದುಕೊಳ್ಳುತ್ತ ಕೇಳಿದರು: "ಮಾಳಿಗಿ ಮೂಲಿಗೆ?"

"ಇನ್ನೊಂದು ಬಂಡಿ ತರಿಸಿದ್ರಾತು. ಮನಿ ಎಲ್ಲಿಗೂ ಹೋಗೂದಿಲ್ಲ. ಲಿಂಗಸುಗೂರಿಗೆ ಹೋಗೂದು ಕಾರು!"

ಇಂಥ ಮಾತಿಗೆ ಗಂಡಸರು ಏನು ಹೇಳಬಲ್ಲರು? ನಾನು ಮಣ್ಣಿಗೆ ಸಗಣಿ ಹಾಕಿದೆ, ಬಿಗಿ ಬರಲೆಂದು ಹಿತ್ತಲಲ್ಲಿ ಹೆಸರುಕಾಳು ತೂರಿದ ಹೊಟ್ಟು ತಂದು ಸುರಿದೆ, ನೀರು ಹಾಕಿ ತುಳಿದೆ. ಒಂದು ಗೇಣು ದಪ್ಪಕ್ಕೆ ಗಾಜಿನ ಮೇಲೆ ಮೆತ್ತಿ, ಅಂಚು ಕಟ್ಟಿ, ಕೈಯಿಂದ ಸವರಿ ನುಣುಪು ಮಾಡಿದೆ. ಕೈ ಸುಮ್ಮನಿರಲಿಲ್ಲ, ಮೇಲೊಂದು ರಂಗೋಲಿಯನ್ನೂ ಹಾಕಿದೆ. ಕೊನೆಗೆ ಪರೀಕ್ಷೆಗೆಂದು, ಮಳೆ ಬಿಡುವು ಕೊಟ್ಟ ಆ ನಡು ಬಿಸಿಲಿನಲ್ಲಿ ಕಾದಿದ್ದ ಗಾಜಿನ ಮೇಲೆ ಒಂದು ಕೊಡ ತಣ್ಣೀರು ಹೊಯ್ದೆ. ಒಳಗೆ ಒಂದು ಹನಿಯೂ ಇಳಿಯಲಿಲ್ಲ! ಮಣ್ಣಿನ ಕೆಳಗೆ 'ಟಿಕ್' ಎಂದು ಸದ್ದಾಯಿತು. ಮಣ್ಣು ಕಚ್ಚಿಕೊಂಡಿತು ಎಂದುಕೊಂಡೆ.

ಮಣ್ಣು ಕಚ್ಚಿಕೊಂಡದ್ದಲ್ಲ, ಗಾಜು ಬಿಟ್ಟುಕೊಂಡದ್ದು ಎಂಬುದು ಆಮೇಲೆ ತಿಳಿಯಿತು.

ಓದುವವರ ಹಿತಕ್ಕಾಗಿ ಇಲ್ಲಿ ಗಂಭೀರವಾಗಿ ಒಂದು ಮಾತು ತಿಳಿಸಬಯಸುತ್ತೇನೆ. ಗಾಜಿನಲ್ಲಿ ಬಿದ್ದ ಸೀಳು ಎಂಬುದು ಬಿದ್ದಲ್ಲೇ ಬಿದ್ದಿರುವ ವಸ್ತುವಲ್ಲ. ಅದು ನಡೆಯುತ್ತದೆ. ಬಿಸಿಲು ಕಾಯ್ದರೆ ಹಿಗ್ಗುತ್ತದೆ, ಕಾದದ್ದರ ಮೇಲೆ ತಣ್ಣೀರು ಬಿದ್ದರೆ ಹಾರುತ್ತದೆ, ಬಾಗಿಲು ಬಡಿದರೆ ಬೆಚ್ಚಿ ಮುಂದೆ ಓಡುತ್ತದೆ, ತೆಗ್ಗು ಬಂದಾಗಲಂತೂ ಕವಲು ಒಡೆಯುತ್ತದೆ. ಅದರ ಮೇಲೆ ಭಾರ ಹೇರುವಂಥ ಮೂರ್ಖರು ಲೋಕದಲ್ಲಿ ಇರಲಾರರೆಂದು ಅದಕ್ಕೂ ನಂಬಿಕೆ ಇರುತ್ತದೆ. ಆ ನಂಬಿಕೆಯನ್ನು ನಾನು ಹುಸಿ ಮಾಡಿದೆ!

"ಒಳಗ ಕತ್ತಲಿ ಆತಲ್ಲ" ಎಂದರು ನಮ್ಮವರು.

"ಅಜ್ಜಾರ ಮಾರಿ ಮ್ಯಾಲಿನ ಬೆಳಕ ಸಾಕು ಬಿಡ್ರಿ" ಎಂದೆ.

ಸುಬ್ಬಮ್ಮ ಬೇಲಿಯ ಮೇಲೆ ಕೈಯೂರಿ ಬಹಳ ಹೊತ್ತು ನೋಡಿದಳು. "ಏಮಮ್ಮಾ, ಕಾರು ಮೀದ ನಾಟ್ಲು ವೇಸ್ತಾವಾ?" ಎಂದಳು. ಕಾರಿನ ಮೇಲೆ ನೆಲ್ಲು ಹಚ್ಚುತ್ತೀಯೇನು ಎಂದು ಕೇಳುತ್ತಿದ್ದಾಳೆ!

ಉತ್ತರವನ್ನು ಮಣ್ಣೇ ಕೊಟ್ಟಿತು. ಸವಳು ಮಣ್ಣಿನಲ್ಲಿ ಏನೂ ಹುಟ್ಟುವುದಿಲ್ಲ, ನಿಜ. ಆದರೆ ನಾನು ಸಗಣಿ ಹಾಕಿದ್ದೆನಲ್ಲ! ಹೊಟ್ಟಿನಲ್ಲಿ ಹೆಸರಿನ ಕಾಳು ಉಳಿದಿದ್ದವು, ಮೇಲೆ ದಿನಾ ಜಿಟಿಜಿಟಿ ಮಳೆ. ಸೋಮವಾರ ಹತ್ತಿರ ಬರುವಷ್ಟರಲ್ಲಿ ಕಾರಿನ ನೆತ್ತಿಯ ಮೇಲೆ ಹಚ್ಚಗೆ ಹೆಸರಿನ ಸಸಿ ಎದ್ದು ಗಾಳಿಗೆ ತಲೆದೂಗುತ್ತಿತ್ತು. ನಮ್ಮವರು ಅದನ್ನು ನೋಡಿ, "ಹೊಲದ ಸವಳು ಮೂಲ್ಯಾಗ ವರ್ಷಾ ಬಿತ್ತಿ ಸತ್ತೆ, ಹುಟ್ಟಲಿಲ್ಲ. ಇಲ್ಲಿ ಹುಟ್ಟೈತಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ನಾನು ಕೀಳಲು ಹೋದೆ. ಅತ್ತೆಯವರು ಬಿಡಲಿಲ್ಲ. "ಏ, ಮುಟ್ಟಬ್ಯಾಡ! ದಸರಿಗೆ ಘಟದ ಮುಂದ ಹಾಕೋ ಸಸಿ ತಾನ ಬಂದೈತಿ. ಅಜ್ಜಾರು ಬರೋ ಗಾಡೀ ಮ್ಯಾಲ ಸಸಿ ಮೂಡ್ಯಾದ ಅಂದ್ರ ಶಿವ ಒಪ್ಯಾನ ಅಂತ ತಿಳಿ." ನಾನು ಅದಕ್ಕೂ ಅರಿಷಿಣ ಕುಂಕುಮ ಏರಿಸಿದೆ.

ಸೋಮವಾರ ಬೆಳಿಗ್ಗೆ ಹೊರಟೆವು. ನಮ್ಮವರು ಮುಂದೆ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಜ್ಜಾರಿಗೆ ಹಾಸಿದ ಹೊಸ ಕಂಬಳಿ, ಅದರ ಮೇಲೆ ಪಾದಪೂಜೆಗೆಂದೇ ತಂದ ಹೊಳೆಯುವ ಹಿತ್ತಾಳೆ ಪರಾತ. ಒಂದು ಮಗು ಕೂತು ಸ್ನಾನ ಮಾಡಬಹುದಾದಷ್ಟು ಅಗಲ. ಊರು ದಾಟುವ ಮುನ್ನವೇ ನಮ್ಮವರು ಒಂದು ಎಮ್ಮೆಗೆ ಹಾರ್ನ್ ಹೊಡೆದರು. ನೆತ್ತಿಯ ಮೇಲೆ 'ಟಿಕ್' ಎಂದಿತು.

"ಹಾರ್ನ್ ಹೊಡೀಬ್ಯಾಡ್ರಿ, ಸೀಳು ಹೆದರತೈತಿ!"

"ಮತ್ತ ಎಮ್ಮಿ ಹೆದರೂದು ಹೆಂಗ?"

ಆ ಕೆಲಸ ನಾನು ವಹಿಸಿಕೊಂಡೆ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರಿನವರೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಯ್, ಹಾದಿ ಬಿಡ್ರೀ!" ಎಂದು ಕೂಗಿದೆ. ಲಿಂಗಸುಗೂರು ಮುಟ್ಟುವಷ್ಟರಲ್ಲಿ ನನ್ನ ದನಿ ಹೋಗಿತ್ತು. ಗಾಜು ಮಾತ್ರ ಇತ್ತು. ಅದನ್ನೂ ಒಂದು ದಯೆ ಎಂದು ಎಣಿಸಿಕೊಂಡೆ.

ಅಜ್ಜಾರು ಕೋಲೂರಿಕೊಂಡು ಬಂದರು. ಕಾರನ್ನು ನೋಡಿ ಕಣ್ಣು ಅರಳಿಸಿದರು. "ತಂಗಿ, ಎಲ್ಲಾರ ಕಾರೂ ಬೋಳು ಇರತಾವ. ನಿಮ್ಮ ಕಾರಿಗೆ ಜುಟ್ಟು ಐತಲ್ಲ!" ಎಂದರು. ಸಸಿಯ ಸಂಗತಿ ಹೇಳಿದೆ. ಬಹಳ ಚಲೋ ಆತು ಎಂದು ನಕ್ಕು, ಹಿಂದಿನ ಸೀಟಿನ ನಟ್ಟನಡುವೆ, ಅಂದರೆ ಸರಿಯಾಗಿ ಗಾಜಿನ ಕೆಳಗೆ, ಕಾಲು ಇಳಿಬಿಟ್ಟು ಕೂತರು. ಗುರುಗಳು ನಡುವೆಯೇ ಕೂಡಬೇಕು, ಮಗ್ಗುಲಿಗೆ ಸರಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ದನಿಯೂ ಇರಲಿಲ್ಲ.

ಕಾರು ಹೊರಟಿತು. ಮೊದಲ ತೆಗ್ಗು. ಧಡಕ್! ಮೇಲಿಂದ ಚಿಟಿಕೆಯಷ್ಟು ಬಿಳಿ ಪುಡಿ ಅಜ್ಜಾರ ನೆತ್ತಿಯ ಮೇಲೆ ಉದುರಿತು. ಅವರು ಬೆರಳಿನಿಂದ ಮುಟ್ಟಿ ನೋಡಿ, ಹಣೆಗೆ ಹಚ್ಚಿಕೊಂಡು, "ಶಿವ ಶಿವಾ, ಮ್ಯಾಲಿಂದ ವಿಭೂತಿ ಉದುರಾಕತ್ತೈತಿ" ಎಂದರು.

ನಾನು ಗಂಟಲು ಹಿಂಡಿ ಹೇಳಿದೆ: "ಸವಳು ಮಣ್ಣು ಅಜ್ಜಾರ."

"ಹೌದೇನು? ಇರಲಿ ಬಿಡು, ಹಚ್ಚಿಕೊಂಡಾಗೈತಿ."

ಎರಡನೆಯ ತೆಗ್ಗಿಗೆ ಒಂದು ಹಿಡಿ. ಮೂರನೆಯದಕ್ಕೆ ಹೆಂಟೆ. ನಾನು ತಿರುಗಿ ನೋಡಿದರೆ ಗಾಜು ಮಣ್ಣಿನ ಭಾರಕ್ಕೆ ಕೆಳಗೆ ಬಗ್ಗಿದಂತೆ ಕಂಡಿತು. ಅಲ್ಲಿ ಶೆಡ್ಡಿನ ಬಾಗಿಲಲ್ಲಿ ಒಬ್ಬ ಮುದುಕಿ ಕೆಮ್ಮುತ್ತ ದಾರಿ ಕಾಯುತ್ತಿದ್ದಾಳೆ, ಇಲ್ಲಿ ಅವಳ ಗುರುವಿನ ನೆತ್ತಿಯ ಮೇಲೆ ನಾನು ಒಂದು ಹೊಲವನ್ನೇ ತೂಗುಹಾಕಿದ್ದೇನೆ! ಈ ಅಜ್ಜಾರಿಗೆ ಏನಾದರೂ ಆದರೆ ಅತ್ತೆಯವರು ಆ ಹೊಸ್ತಿಲು ದಾಟುವುದೇ ಇಲ್ಲ.

"ಏನ್ರೀ, ಗಾಡಿ ನಿಂದರಸ್ರಿ. ಗಾಜು ಬೀಳಾಕತ್ತೈತಿ!"

"ಸೀಳು ಬಿಟ್ಟೈತಿ ಅಷ್ಟ. ಒಡದಿಲ್ಲ. ಹೊತ್ತಾಗತೈತಿ, ಸುಮ್ಮ ಕುಂದರು."

ಏನು ಮಾಡಲಿ? ಕಣ್ಣಿಗೆ ಪರಾತ ಬಿತ್ತು. ಶಿವನೇ ಅದನ್ನು ಅಲ್ಲಿ ಇಡಿಸಿದ್ದ ಎಂದು ಈಗಲೂ ನನ್ನ ನಂಬಿಕೆ. ಮುಂದಿನ ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ಬಾಗಿ, ಪರಾತ ಬೋರಲು ಮಾಡಿ ಅಜ್ಜಾರ ತಲೆಯ ಮೇಲಿಟ್ಟೆ.

ಒಳಗಿಂದ ದನಿ ಬಂತು: "ತಂಗಿ, ಇದು ಪಾದಪೂಜಿಗೆ ತಂದಿದ್ದಲ್ಲ?"

"ಹೌದ್ರಿ ಅಜ್ಜಾರ."

"ನನ್ನ ಕಾಲು ಕೆಳಗದಾವ."

"ಮಣ್ಣು ಮ್ಯಾಲಿಂದ ಬೀಳಾಕತ್ತೈತ್ರಿ!"

"ಹಂಗಾರ ಬರೋಬರಿ ಐತಿ."

ಅವರಿಗೆ ನಿದ್ದೆ ಬಂದರೆ ಪರಾತ ಜಾರೀತೆಂದು ಅವರ ಶಾಲಿನಿಂದಲೇ ಗದ್ದದ ಕೆಳಗೆ ಕಟ್ಟಿದೆ. ಒಂದೂರಿನ ಹೆಂಗಸರು ಕಾರಿನೊಳಗೆ ಬಗ್ಗಿ ನೋಡಿ ಕೈ ಮುಗಿದರು. ಯಾವ ದೇವರೆಂದು ತಿಳಿದರೋ!

ಮಸ್ಕಿ ಮುಟ್ಟುವಷ್ಟರಲ್ಲಿ ಕಾರಿನ ಮೂತಿಯಿಂದ ಹೊಗೆ ಎದ್ದಿತು. ನೀರು ಆರಿತ್ತು. ಕಾರನ್ನು ಗುಡ್ಡದ ಮಗ್ಗುಲಿಗೆ ನಿಲ್ಲಿಸಿ, ನಮ್ಮವರು ಕೊಡ ಹಿಡಿದು ಹಳ್ಳಕ್ಕೆ ಹೋದರು. ಅಜ್ಜಾರು ಪರಾತದ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಗೊರಕೆ ಹಿತ್ತಾಳೆಗೆ ತಾಗಿ ಗಂಟೆಯ ಹಾಗೆ ಮೊಳಗುತ್ತಿತ್ತು. ನಾನು ಸೊಂಟ ನೆಟ್ಟಗೆ ಮಾಡಲು ಕೆಳಗಿಳಿದೆ. ಶಿವ ಇಷ್ಟು ದೂರ ಕಾಪಾಡಿದ, ಇನ್ನು ಅರ್ಧ ಹಾದಿ ಎಂದು ಕಣ್ಣು ಮುಚ್ಚಿ ಕೈ ಮುಗಿದೆ.

ಕಣ್ಣು ತೆರೆದರೆ ಕಾರಿನ ಮೇಲೆ ಆಡು!

ಕರೀ ಆಡು. ಗುಡ್ಡದ ಬಂಡೆಯಿಂದ ಮೆಲ್ಲಗೆ ಕಾರಿನ ಮೂತಿಗೆ, ಮೂತಿಯಿಂದ ನೆತ್ತಿಗೆ ಬಂದು, ಮಣ್ಣಿನ ಅಂಚಿನ ಮೇಲೆ ನಿಂತು, ನನ್ನ ಹೆಸರುಕಾಳಿನ ಸಸಿಯನ್ನು ಶಾಂತವಾಗಿ ಮೇಯುತ್ತಿತ್ತು. ಸುಮ್ಮನೆ ಬಿಟ್ಟಿದ್ದರೆ ಅಂಚಿನಲ್ಲೇ ನಿಂತು ಮೇಯ್ದು, ಬಂದ ಹಾದಿಯಲ್ಲೇ ಇಳಿದು ಹೋಗುತ್ತಿತ್ತೋ ಏನೋ. ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. "ಹಚಾ! ಹಚಾ!" ಎಂದು ಕೂಗಿದೆ. ದನಿ ಹೋದ ಗಂಟಲು, ಆಡಿಗೆ ಕೇಳಲಿಲ್ಲ. ಹೋಗಿ ಹಿಂಗಾಲು ಹಿಡಿದು ಎಳೆದೆ! ಆಡು ಬೆದರಿ, ಕಾಲು ಕೊಸರಿಕೊಂಡು, ಟಣ್ಣನೆ ಮೇಲಕ್ಕೆ ನೆಗೆದು, ನಾಲ್ಕೂ ಗೊರಸು ಊರಿ ಗಾಜಿನ ನಟ್ಟನಡುವೆ ಇಳಿಯಿತು.

ಫಳ್! ಧಡಾರ್! ಠಣ್ಣ್ಣ್!

ಆಮೇಲೆ ಸದ್ದೇ ಇಲ್ಲ. ಗೊರಕೆಯೂ ಇಲ್ಲ.

ಬಾಗಿಲು ತೆಗೆಯಲು ಕೈ ಬರಲೊಲ್ಲದು. "ಶಿವನೇ, ಬೇಕಾದ್ರ ನನ್ನ ಒಯ್ಯಿ" ಎಂದು ಅಲ್ಲೇ ಕುಕ್ಕರಿಸಿದೆ. ಆಗ ಒಳಗಿಂದ ಕಂಚಿನಂಥ ದನಿ ಬಂತು:

"ತಂಗೀ, ಮಸ್ಕಿ ಬಂತೇನು?"

ಅಳುತ್ತಲೇ ನಕ್ಕೆ, ನಗುತ್ತಲೇ ಬಾಗಿಲು ತೆಗೆದೆ. ಅಜ್ಜಾರು ಕೂತಲ್ಲೇ ಕೂತಿದ್ದರು. ತಲೆಯ ಮೇಲೆ ಪರಾತ, ಪರಾತಕ್ಕೆ ಒಂದು ದೊಡ್ಡ ತೆಗ್ಗು. ಸುತ್ತ ಮಣ್ಣು. ನನ್ನ ಉದ್ದಿನ ಹಿಟ್ಟಿನ ಹೆಚ್ಚುಗಾರಿಕೆಯನ್ನೂ ಹೇಳಬೇಕು: ಗಾಜು ಚೂರುಚೂರಾಗಿ ಸಿಡಿಯದೆ, ಅಂಟಿಗೆ, ಮಣ್ಣಿಗೆ ಕಚ್ಚಿಕೊಂಡು ದೊಡ್ಡ ದೊಡ್ಡ ಬಿಲ್ಲೆಗಳಾಗಿ ಪರಾತದ ಅಂಚಿನಿಂದ ಆಚೆ ಈಚೆ ಜಾರಿ ಬಿದ್ದಿತ್ತು. ಅಜ್ಜಾರಿಗೆ ಒಂದು ಗೀರೂ ಇಲ್ಲ! ಮೇಲಿನ ಕಿಂಡಿಯಿಂದ ಆಡಿನ ಮುಂಗಾಲು, ಮೂತಿ ಒಳಗೆ ಇಳಿಬಿದ್ದಿದ್ದವು. ಅದು ಇನ್ನೂ ಮೇಯುತ್ತಿತ್ತು. ಅಜ್ಜಾರು ಅದರ ಹಣೆಗೆ ವಿಭೂತಿ ಹಚ್ಚಿದರು.

ಆಡಿನ ಒಡತಿ ಓಡಿ ಬಂದಳು. ಆಡನ್ನು ಎತ್ತಿ ಇಳಿಸಿ, ಕಾಲು, ಹೊಟ್ಟೆ ಎಲ್ಲ ಸವರಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಏನವ್ವ, ಕಣ್ಣು ಅದಾವೋ ಇಲ್ಲೋ?"

"ನನಗೇನ ಕೇಳತಿ? ನಿನ್ನ ಆಡು ನಮ್ಮ ಕಾರು ಏರೈತಿ!"

"ಕಾರಿನ ಮ್ಯಾಲ ಹಸರು ಬೆಳದು ಊರೂರು ತಿರುಗಿಸಾಕತ್ತೀರಿ. ಆಡು ಏರದ ಏನು ನಾ ಏರಬೇಕಾ?"

ಆ ಶ್ರಾವಣ ನನಗೆ ಉತ್ತರಗಳ ಬರಗಾಲ.

ನಮ್ಮವರು ನೀರಿನ ಕೊಡ ಹೊತ್ತು ಬಂದರು. ಕಿಂಡಿ ನೋಡಿದರು. ಅಜ್ಜಾರನ್ನು ನೋಡಿದರು. ಆಡನ್ನು ನೋಡಿದರು. ಕೊಡ ಇಳಿಸಿ, ಬಹಳ ವಿಚಾರ ಮಾಡಿ ಹೇಳಿದರು:

"ಈಗ ಒಡದೈತಿ."

ಮಣ್ಣು, ಗಾಜು ಎಲ್ಲ ಎತ್ತಿ, ಹಾದಿಯವರ ಕಾಲಿಗೆ ಚುಚ್ಚದಂತೆ ಒಂದು ತೆಗ್ಗಿನಲ್ಲಿ ಹೂತೆವು. ಕಿಂಡಿಯ ಅಂಚಿಗೆ ಉಳಿದ ಚೂರುಗಳನ್ನು ಇಕ್ಕಳದಿಂದ ಕಿತ್ತು, ಸುತ್ತ ಕಂಬಳಿ ಸುತ್ತಿದೆವು. ಸುಬ್ಬಮ್ಮ ಹೇಳಿದ ಕೆಲಸ ಅದು. ಮನೆಯಲ್ಲಿ ಮಾಡಬೇಕಾದ್ದನ್ನು ಮಸ್ಕಿಗೆ ಬಂದು ಮಾಡಿದೆವು! ಆಮೇಲೆ ಅಜ್ಜಾರ ಮುಂದೆ ಕೈ ಮುಗಿದು ನಿಂತೆ. "ತಪ್ಪಾತ್ರಿ ಅಜ್ಜಾರ. ಬ್ಯಾರೆ ಗಾಡಿ ನೋಡ್ತೀವಿ."

"ಯಾಕವ್ವ? ಒಳಗ ಉಸುರು ಕಟ್ಟಿದಂಗ ಆಗಿತ್ತು. ಈಗ ಗಾಳಿ ಬಂತು" ಎಂದವರೇ ಮೊಣಕಾಲು ನೋವು ಮರೆತು ಸೀಟಿನ ಮೇಲೆ ಎದ್ದು ನಿಂತರು. ಹಿಡಿಯಷ್ಟು ಮೈಯವರು, ಎದೆಮಟ್ಟ ಮಾತ್ರ ಹೊರಗೆ ಬಂದರು. ಎರಡೂ ಕೈಯಿಂದ ಕಂಬಳಿ ಸುತ್ತಿದ ಅಂಚು ಹಿಡಿದು, ಸುತ್ತ ನೋಡಿ, "ಹೊಡಿ ತಮ್ಮಾ!" ಎಂದರು.

"ಬೀಳ್ತೀರಿ ಅಜ್ಜಾರ, ಕುಂದರ್ರಿ!" ಎಂದು ನಾನು ಅವರ ಎರಡೂ ಕಾಲು ತಬ್ಬಿ ಹಿಡಿದೆ. ಪಾದಪೂಜೆಗೆ ಮುನ್ನವೇ ಪಾದ ಸಿಕ್ಕಿದ್ದು ಇನ್ನೊಂದು ದಯೆ. ನಮ್ಮವರು ಎತ್ತು ನಡೆದಷ್ಟೇ ಮೆಲ್ಲಗೆ ಹೊಡೆದರು. ಇನ್ನು ಹೆದರಿಸಬಾರದ ಗಾಜು ಇರಲಿಲ್ಲವಲ್ಲ, ಹಾರ್ನ್ ಹೊಡೆಯುತ್ತಲೇ ಹೋದರು. ಹಾದಿಯಲ್ಲಿ ಮಳೆ ಹನಿಯಿತು. ಅಜ್ಜಾರು ಪರಾತ ಬಿಚ್ಚಲೇ ಇಲ್ಲ. ಗದ್ದೆಯಲ್ಲಿ ನೆಲ್ಲು ಹಚ್ಚುತ್ತಿದ್ದವರು ಸೊಂಟ ಎತ್ತಿ ನೋಡಿದರು: ಹಿತ್ತಾಳೆ ಕೊಡೆ ತಲೆಗೆ ಕಟ್ಟಿದ ಗುರುಗಳು ಕಾರಿನ ನೆತ್ತಿಯಿಂದ ಎದ್ದು ಎಲ್ಲರಿಗೂ ಕೈ ಎತ್ತಿ ಆಶೀರ್ವಾದ ಮಾಡುತ್ತ ಹೋಗುತ್ತಿದ್ದರು!

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದೆವು. ಅತ್ತೆಯವರು ಆರತಿ ಹಿಡಿದು ಅಂಗಳದಲ್ಲಿ ನಿಂತಿದ್ದರು, ಮಳೆಯಲ್ಲಿ, ಕೆಮ್ಮುತ್ತ. ಅಜ್ಜಾರನ್ನು ಆ ಅವತಾರದಲ್ಲಿ ಕಂಡು ಕೆಮ್ಮು ನಿಂತುಹೋಯಿತು. ಹೆದರಿಕೆಗೋ, ಭಕ್ತಿಗೋ ಗೊತ್ತಿಲ್ಲ. ಸುಬ್ಬಮ್ಮ ಬೇಲಿಯಿಂದ ಕಾರಿನ ನೆತ್ತಿ ನೋಡಿ, "ಪಂಟ ಕೋಸೇಶಾರಾ?" ಎಂದಳು. ಪೈರು ಕೊಯ್ದಾಯಿತೇ ಎಂದು ಕೇಳುತ್ತಿದ್ದಾಳೆ!

ಅಜ್ಜಾರ ಪಾದ ಹೊಸ್ತಿಲು ದಾಟಿತು. ಅವರ ಹಿಂದೆ ಅತ್ತೆಯವರು ಬಲಗಾಲಿಟ್ಟು ಒಳಗೆ ಬಂದರು. ಹೊಸ ಗೋಡೆಯನ್ನು ಅಂಗೈಯಿಂದ ಸವರಿದರು. "ಬೆಚ್ಚಗೈತಿ" ಎಂದರು. ಅಷ್ಟೇ. ಆ ಒಂದು ಮಾತಿಗೆ ನನ್ನ ಗಂಟಲು, ಇರುವೆ, ಆಡು ಎಲ್ಲ ಮರೆತುಹೋದವು.

ನಡುಮನೆಯ ಮೂಲೆಯಲ್ಲಿ ಗದ್ದಿಗೆ ಹಾಕಿದ್ದೆವು. ತೆಗ್ಗು ಬಿದ್ದ ಪರಾತದಲ್ಲಿ ಅಜ್ಜಾರ ಪಾದ ಇಟ್ಟು ನೀರು ಹೊಯ್ಯಲು ಬಾಗಿದೆ. ಹೊರಗೆ ಮಳೆ ಜೋರಾಯಿತು. ತಟ್! ನನ್ನ ಬೈತಲೆಯ ಮೇಲೆ ಒಂದು ತಣ್ಣನೆ ಹನಿ. ಸ್ವಲ್ಪ ಸರಿದೆ. ತಟ್! ಮತ್ತೆ ಸರಿದೆ. ತಟ್ ತಟ್! ಹನಿ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು.

ಅತ್ತೆಯವರು ಮೇಲೆ ನೋಡಿದರು. "ಈ ಮೂಲಿಗೆ ಸವಳು ಮಣ್ಣು ಹಾಕಿಲ್ಲೇನವ್ವ?"

ನಾನು ನಮ್ಮವರನ್ನು ನೋಡಿದೆ. ನಮ್ಮವರು ಮಾಳಿಗೆಯನ್ನು ನೋಡಿದರು. "ಸೀಳು ಬಿಟ್ಟೈತಿ ಅಷ್ಟ..." ಎಂದು ಶುರು ಮಾಡಿದವರು, ನನ್ನ ಮುಖ ಕಂಡು ಅಲ್ಲಿಗೇ ನಿಲ್ಲಿಸಿದರು.

ಪಾದಪೂಜೆ ಮುಗಿಯಿತು. ಅಜ್ಜಾರು ತಾವೇ ಪರಾತ ಖಾಲಿ ಮಾಡಿಸಿ, ಒರೆಸಿ, ಎರಡೂ ಕೈಯಿಂದ ನನ್ನ ಕಡೆ ಚಾಚಿದರು.

"ತಗೋ ತಂಗಿ. ಈಗ ನಿನ್ನ ಪಾಳಿ."

ಹೊಸ ಒಲೆ ಹೊತ್ತಿತು, ಮೊದಲ ಅನ್ನ ಕುದಿಯಿತು. ಮಹಾಮಂಗಳಾರತಿಗೆ ಅತ್ತೆಯವರು, ನಮ್ಮವರು, ಸುಬ್ಬಮ್ಮ ಎಲ್ಲರೂ ಕಣ್ಣು ಮುಚ್ಚಿ ಶಿವನಿಗೆ ಕೈ ಮುಗಿದರು.

ನಾನೊಬ್ಬಳು ಮುಗಿಯಲಿಲ್ಲ. ಎರಡೂ ಕೈ ತಲೆಯ ಮೇಲೆ ಪರಾತ ಹಿಡಿದಿದ್ದವು!